ಮಾರೋಕೂ ಆಗದ, ಬಿಡೋಕೂ ಆಗದ ಎರಡು ಸಾವಿರ ಷೇರು

"ಪೆನ್ನಿ ಸ್ಟಾಕ್ ತಗೊಂಡರೆ ಇನ್ನೇನಾಗುತ್ತೆ ಟೀಚರ್?" ಅಂತ ಕೇಳುವವರಿಗೆ ನಾನು ಮೊದಲು ಹೇಳೋದು ಒಂದೇ. ನಾನು ಪೆನ್ನಿ ಸ್ಟಾಕ್, ಅಂದರೆ ಕೆಲವೇ ರೂಪಾಯಿಗೆ ಸಿಗೋ ಷೇರು, ತಗೊಂಡಿರಲಿಲ್ಲ. ನಾನು ಕೊಂಡಾಗ ಆ ಷೇರಿನ ಬೆಲೆ 71 ರೂಪಾಯಿ. ಪೈಪ್ ತಯಾರಿಸುವ ಕಂಪನಿ. ಎರಡು ಕಾರ್ಖಾನೆ ಇತ್ತು, ಕೈತುಂಬ ಆರ್ಡರ್ ಇತ್ತು, ವರ್ಷಕ್ಕೊಮ್ಮೆ ಡಿವಿಡೆಂಡ್ ತಪ್ಪದೆ ಬರುತ್ತಿತ್ತು. ಹೈಸ್ಕೂಲು ಟೀಚರ್ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ಎರಡು ಸಾವಿರ ಷೇರು ಮಾಡಿಟ್ಟಿದ್ದೆ. ಮಗಳ ಓದಿಗೆ ಅಂತ.

ಇವತ್ತು ಆ ಎರಡು ಸಾವಿರ ಷೇರು ನನ್ನ ಡಿಮ್ಯಾಟ್ ಖಾತೆಯಲ್ಲೇ (ಷೇರುಗಳನ್ನ ಕಾಗದವಿಲ್ಲದೆ ಇಡೋ ಖಾತೆ) ಇವೆ. ಕೊನೆಯದಾಗಿ ವಹಿವಾಟು ನಡೆದಾಗ ಬೆಲೆ 1 ರೂಪಾಯಿ 15 ಪೈಸೆ. ಈಗ ವಹಿವಾಟೇ ಇಲ್ಲ.

ಪೇಪರಲ್ಲಿ, ಟಿವಿಯಲ್ಲಿ ಪೆನ್ನಿ ಸ್ಟಾಕ್ ಅಂದ ಕೂಡಲೇ ಒಂದೇ ಥರದ ಜನರ ಚಿತ್ರ ಕೊಡುತ್ತಾರೆ. ಎರಡು ರೂಪಾಯಿಗೆ ಕೊಂಡು ಇಪ್ಪತ್ತಾಗಲಿ ಅಂತ ಕಾಯೋ ಹುಡುಗರು. ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನನ್ನ ಹಾಗೆ ಒಳ್ಳೆ ಬೆಲೆಗೆ, ಒಳ್ಳೆ ಕಾಲದಲ್ಲಿ ಕೊಂಡು, ಕಂಪನಿ ಕುಸಿಯುತ್ತಾ ಹೋದ ಹಾಗೆ ತಾವೂ ಅದರ ಜೊತೆಗೇ ಇಳಿದವರು ತುಂಬಾ ಜನ ಇದ್ದಾರೆ. ಅವರ ಬಗ್ಗೆ ಯಾರೂ ಬರೆಯಲ್ಲ. ಅದಕ್ಕೇ ಇವತ್ತು ಕೂತು ಬರೀತಾ ಇದ್ದೀನಿ.

ಬೆಲೆ ಇಳಿದಿದ್ದಕ್ಕೆ ನನಗೆ ಬೇಜಾರಿಲ್ಲ. ವ್ಯಾಪಾರ ಅಂದ ಮೇಲೆ ಲಾಭ ನಷ್ಟ ಇದ್ದಿದ್ದೇ. ನನ್ನ ಸಿಟ್ಟು ಬೇರೆ ಎರಡು ವಿಷಯಕ್ಕೆ. ಏನು ನಡೀತಾ ಇದೆ ಅಂತ ನಮಗೆ ಹೊತ್ತಿಗೆ ಸರಿಯಾಗಿ ಯಾರೂ ಹೇಳಲಿಲ್ಲ. ಹೊರಗೆ ಹೋಗೋಣ ಅಂದಾಗ ಬಾಗಿಲು ಹಾಕಿತ್ತು.

ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರ್‌ಹೋಲ್ಡಿಂಗ್ ಪ್ಯಾಟರ್ನ್ ಅಂತ ಒಂದು ಪಟ್ಟಿ ಕೊಡುತ್ತವೆ. ಯಾರ ಹತ್ತಿರ ಎಷ್ಟು ಷೇರು ಅನ್ನೋ ಲೆಕ್ಕ. ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ನಡೆಸೋರ, ಹೆಸರು ಒಬ್ಬೊಬ್ಬರದಾಗಿ ಇರುತ್ತೆ. ಅವರು ಎಷ್ಟು ಷೇರು ಅಡ ಇಟ್ಟಿದ್ದಾರೆ ಅನ್ನೋದಕ್ಕೂ ಒಂದು ಕಾಲಂ ಇರುತ್ತೆ. ಕೆಳಗೆ ಹೋದರೆ ನಮ್ಮದೊಂದು ಸಾಲು. "ಎರಡು ಲಕ್ಷ ರೂಪಾಯಿವರೆಗಿನ ಷೇರು ಬಂಡವಾಳ ಹೊಂದಿರುವ ವ್ಯಕ್ತಿಗಳು." ಅಷ್ಟೂ ಸಾವಿರ ಜನ ಆ ಒಂದೇ ಸಾಲಿನಲ್ಲಿ. ನಾನು ಆ ಪಟ್ಟಿಯನ್ನ ಪ್ರತಿ ಸಲ ತೆಗೆದು ನೋಡುತ್ತಿದ್ದೆ. ಬೆಲೆ ಬೀಳುತ್ತಾ ಹೋದ ಹಾಗೆ ಆ ಸಾಲಿನಲ್ಲಿ ಜನ ಜಾಸ್ತಿ ಆಗುತ್ತಾ ಹೋದರು. ಮೇಲಿನ ಸಾಲುಗಳಲ್ಲಿದ್ದ ಮ್ಯೂಚುವಲ್ ಫಂಡುಗಳು ಒಂದೊಂದಾಗಿ ಖಾಲಿ ಆದವು. ದೊಡ್ಡವರು ಮಾರಿದ್ದನ್ನ ಸಣ್ಣವರು ಕೊಳ್ಳುತ್ತಾ ಇದ್ದರು ಅಂತ ಅದರಲ್ಲೇ ಕಾಣುತ್ತಿತ್ತು. ಆದರೆ ಆ ಪಟ್ಟಿ ಬರೋದು ತ್ರೈಮಾಸಿಕ ಮುಗಿದ ಮೇಲೆ. ಅಷ್ಟೊತ್ತಿಗೆ ಹೋಗೋರು ಹೋಗಿ ಆಗಿರುತ್ತೆ.

ಅಡ ಇಡೋದರ ಕಥೆ ಇನ್ನೂ ಕಷ್ಟದ್ದು. ಪ್ರವರ್ತಕರು ತಮ್ಮ ಷೇರು ಅಡ ಇಟ್ಟು ಸಾಲ ತಗೊಂಡಿರುತ್ತಾರೆ. ಬೆಲೆ ಬಿದ್ದರೆ ಸಾಲ ಕೊಟ್ಟವರು ಇನ್ನಷ್ಟು ಅಡ ಕೇಳುತ್ತಾರೆ. ಕೊಡೋಕೆ ಆಗಲಿಲ್ಲ ಅಂದರೆ ಆ ಷೇರನ್ನ ಮಾರುಕಟ್ಟೆಯಲ್ಲಿ ಮಾರಿ ದುಡ್ಡು ವಸೂಲಿ ಮಾಡುತ್ತಾರೆ. ಅದರಿಂದ ಬೆಲೆ ಮತ್ತೆ ಬೀಳುತ್ತೆ, ಮತ್ತೆ ಮಾರುತ್ತಾರೆ. ಕಾರ್ಖಾನೆಯಲ್ಲಿ ಪೈಪ್ ತಯಾರಾಗುತ್ತಲೇ ಇತ್ತು, ಇಲ್ಲಿ ಷೇರು ಮಾತ್ರ ದಿನಕ್ಕಿಷ್ಟು ಅಂತ ಕರಗುತ್ತಾ ಹೋಯಿತು.

ಆಮೇಲೆ ವಾರಂಟ್ ಬಂತು. ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೀನಿ, ಯಾಕಂದ್ರೆ ನನ್ನ ಜೊತೆ ಕೆಲಸ ಮಾಡಿದವರಲ್ಲಿ ಷೇರು ಇಟ್ಟುಕೊಂಡವರಿಗೂ ಇದು ಗೊತ್ತಿರಲಿಲ್ಲ. ಬೆಲೆ ಬಿದ್ದಾಗ ಕಂಪನಿ ತನ್ನ ಪ್ರವರ್ತಕರಿಗೆ ವಾರಂಟ್, ಅಂದರೆ ಈಗಲೇ ಗೊತ್ತು ಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳೋ ಹಕ್ಕು, ಕೊಡಬಹುದು. ಅವರು ಶೇ. 25ರಷ್ಟು ದುಡ್ಡು ಮೊದಲು ಕಟ್ಟಿದರೆ ಸಾಕು. ಉಳಿದಿದ್ದನ್ನ ಕಟ್ಟಿ ಷೇರು ಮಾಡಿಕೊಳ್ಳೋಕೆ 18 ತಿಂಗಳು ಟೈಮ್ ಇರುತ್ತೆ. ಬೆಲೆ ಏರಿದರೆ ಹಳೇ ಬೆಲೆಗೇ ಷೇರು ಸಿಗುತ್ತೆ, ಏರಲಿಲ್ಲ ಅಂದರೆ ಕಟ್ಟಿದ 25 ಬಿಟ್ಟು ಸುಮ್ನಿರಬಹುದು. ನಮಗೆ ಅಂಥ ಅವಕಾಶ ಇಲ್ಲ. ಹೊಸ ಷೇರು ಹುಟ್ಟಿದ ಹಾಗೆಲ್ಲ ನಮ್ಮ ಪಾಲು ಸಣ್ಣದಾಗುತ್ತೆ. ಇದೆಲ್ಲ ನಿಯಮದ ಪ್ರಕಾರವೇ ನಡೆಯುತ್ತೆ, ಕದ್ದು ಮುಚ್ಚಿ ಏನೂ ಇಲ್ಲ. ಕಷ್ಟದಲ್ಲಿರೋ ಕಂಪನಿಗೆ ದುಡ್ಡು ತರೋಕೆ ಬೇರೆ ದಾರಿ ಇಲ್ಲದಾಗ ಇದು ಬೇಕೂ ಆಗಬಹುದು. ಆದರೆ ಅದೇ ಬೆಲೆಗೆ ನಮಗೂ ಕೊಡಿ, ರೈಟ್ಸ್ ಇಶ್ಯೂ (ಇರೋ ಷೇರುದಾರರಿಗೆಲ್ಲ ಹೊಸ ಷೇರು ಕೊಳ್ಳೋ ಅವಕಾಶ) ಮಾಡಿ ಅಂತ ಕೇಳೋ ಹಕ್ಕು ಹಳೇ ಷೇರುದಾರರಿಗೆ ಇರಬೇಕಲ್ವಾ?

ಈಗ ಲೋಯರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಕಡೇ ಮಿತಿಯ ವಿಷಯ. ಇದನ್ನ ಅನುಭವಿಸದವರಿಗೆ ಹೇಳಿದರೆ ನಂಬೋದು ಕಷ್ಟ.

ಸ್ಕ್ರೀನ್ ಮೇಲೆ ಮಾರ್ಕೆಟ್ ಡೆಪ್ತ್ ಅಂತ ಇರುತ್ತೆ. ಎಡಕ್ಕೆ ಕೊಳ್ಳುವವರ ಐದು ಸಾಲು, ಬಲಕ್ಕೆ ಮಾರುವವರ ಐದು ಸಾಲು. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದಾಗ ನೋಡಿದರೆ ಎಡಗಡೆ ಐದೂ ಸಾಲಿನಲ್ಲಿ ಸೊನ್ನೆ. ಬಲಗಡೆ ಮೊದಲ ಸಾಲಿನಲ್ಲಿ ಮಾತ್ರ ಒಂದು ಬೆಲೆ, ಅದರ ಪಕ್ಕ ಲಕ್ಷಗಟ್ಟಲೆ ಷೇರು. ಎಲ್ಲರೂ ಒಂದೇ ಬೆಲೆಗೆ ಮಾರೋಕೆ ನಿಂತವರು, ಯಾಕಂದ್ರೆ ಆ ದಿನ ಅದಕ್ಕಿಂತ ಕೆಳಗೆ ಇಳಿಸೋಕೆ ಅನುಮತಿ ಇಲ್ಲ. ಬೆಲೆ ಒಂದೇ ಆದಾಗ ಯಾರ ಆರ್ಡರ್ ಮೊದಲು ಹೋಯ್ತೋ ಅವರಿಗೆ ಮೊದಲು. ಅಪ್ಪಿತಪ್ಪಿ ಯಾರೋ ಒಬ್ಬರು ಐನೂರು ಷೇರು ಕೊಂಡರೆ ಅದು ಸಾಲಿನಲ್ಲಿ ಎಲ್ಲರಿಗಿಂತ ಮುಂದಿರೋರಿಗೆ. ಸಂಜೆ 3.30ಕ್ಕೆ ಉಳಿದವರ ಆರ್ಡರೆಲ್ಲ ರದ್ದು. ಮರುದಿನ ಹೊಸ ಸಾಲು, ಶೇ. 5 ಕಡಿಮೆ ಬೆಲೆಗೆ.

ನಾನು ರಾತ್ರಿಯೇ ಆರ್ಡರ್ ಹಾಕಿ ಮಲಗುತ್ತಿದ್ದೆ. ಬೆಳಿಗ್ಗೆ ನೋಡಿದರೆ ನನಗಿಂತ ಮುಂದೆ ಸಾವಿರಾರು ಆರ್ಡರ್. ಪಿ.ಜೆ. ಬಡಾವಣೆಯಲ್ಲಿರೋ ಬ್ರೋಕರ್ ಆಫೀಸಿಗೆ ಹೋದರೆ ಅಲ್ಲಿನ ಹುಡುಗ ಪಾಪ ಎದ್ದು ನಿಂತು, "ಇಲ್ರೀ ಮೇಡಂ, ಬೈಯರ್ಸೇ ಇಲ್ಲ, ನಾವಾದ್ರೂ ಏನ್ ಮಾಡೋಣ್ರೀ" ಅನ್ನುತ್ತಿದ್ದ. ಅವನದೇನೂ ತಪ್ಪಿಲ್ಲ. ದೊಡ್ಡ ಸಂಸ್ಥೆಗಳ ಕಂಪ್ಯೂಟರಿನ ಮುಂದೆ ದಾವಣಗೆರೆಯ ಟೀಚರಮ್ಮನ ಮೊಬೈಲು ಯಾವತ್ತು ಮೊದಲು ಹೋಗುತ್ತೆ ಹೇಳಿ.

ಆಮೇಲೆ ನಮ್ಮ ಷೇರು ಜಿಎಸ್‌ಎಂ ಪಟ್ಟಿಗೆ ಬಿತ್ತು. 2017ರಲ್ಲಿ ಷೇರು ಮಾರುಕಟ್ಟೆ ನಿಯಂತ್ರಿಸೋ ಸಂಸ್ಥೆ ಸೆಬಿ ಮತ್ತು ಎಕ್ಸ್‌ಚೇಂಜ್‌ಗಳು ಸೇರಿ ತಂದ ನಿಗಾ ವ್ಯವಸ್ಥೆ ಇದು. ಕಂಪನಿಯ ಆರೋಗ್ಯಕ್ಕೂ ಷೇರಿನ ಬೆಲೆಗೂ ತಾಳೆ ಇಲ್ಲ ಅಂದರೆ ಆ ಷೇರನ್ನ ಹಂತಹಂತವಾಗಿ ಬಿಗಿ ಮಾಡುತ್ತಾರೆ. ಒಂದು ಹಂತದಲ್ಲಿ ಟ್ರೇಡ್ ಟು ಟ್ರೇಡ್, ಅಂದರೆ ಅದೇ ದಿನ ಕೊಂಡು ಅದೇ ದಿನ ಮಾರೋ ಹಾಗಿಲ್ಲ. ಮುಂದಿನ ಹಂತಗಳಲ್ಲಿ ಕೊಳ್ಳುವವರು ವಹಿವಾಟಿನ ಮೊತ್ತದಷ್ಟೇ ದುಡ್ಡನ್ನ ಹೆಚ್ಚುವರಿಯಾಗಿ ಡೆಪಾಸಿಟ್ ಇಡಬೇಕು. ಇನ್ನೂ ಮುಂದೆ ಹೋದರೆ ವಾರಕ್ಕೊಂದೇ ದಿನ ವಹಿವಾಟು, ಸೋಮವಾರ ಮಾತ್ರ.

ಉದ್ದೇಶ ಒಳ್ಳೇದೇ. ಗೊತ್ತಿಲ್ಲದವರು ಹೊಸದಾಗಿ ಬಂದು ಸಿಕ್ಕಿಹಾಕಿಕೊಳ್ಳಬಾರದು ಅಂತ. ಈ ನಿಗಾ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಳಗೆ ಇರೋರ ಗತಿ ಏನು ಅಂತ ಯಾರೂ ಯೋಚಿಸಿದ ಹಾಗಿಲ್ಲ. ಒಂದು ಲಕ್ಷದ ಷೇರು ಕೊಳ್ಳೋಕೆ ಇನ್ನೊಂದು ಲಕ್ಷ ಡೆಪಾಸಿಟ್ ಇಡಿ ಅಂದರೆ ಯಾರು ಬರುತ್ತಾರೆ? ಸಿನಿಮಾ ಹಾಲಿನಲ್ಲಿ ಹೊಗೆ ಕಾಣಿಸಿದರೆ ಹೊರಗಿನವರು ಒಳಗೆ ಬರಬಾರದು ಅಂತ ಬಾಗಿಲು ಹಾಕಿದ ಹಾಗಾಯ್ತು ಇದು. ಹಳೇ ಷೇರುದಾರರಿಗೆ, ಅದೂ ಸಣ್ಣವರಿಗೆ ಮಾತ್ರ, ಮಾರೋಕೆ ಒಂದು ಪ್ರತ್ಯೇಕ ಕಿಟಕಿ ಇಡೋದು ಅಷ್ಟು ಕಷ್ಟದ ಕೆಲಸವಾ? ವಾರಕ್ಕೊಮ್ಮೆ ಶೇ. 5ರ ಮಿತಿ ಇಟ್ಟು ವಹಿವಾಟು ನಡೆಸೋ ಬದಲು, ಒಂದು ದಿನ ಮಿತಿಯೇ ಇಲ್ಲದೆ ಹರಾಜು ನಡೆಸಿದರೆ ನಿಜವಾದ ಬೆಲೆ ಎಷ್ಟೋ ಅಷ್ಟಕ್ಕೆ ಕೊಟ್ಟು ನಾವು ಹೊರಡುತ್ತೀವಿ. ಇಪ್ಪತ್ತು ರೂಪಾಯಿ ಅಂತ ಬೋರ್ಡಿನಲ್ಲಿ ಬರೆದು, ಆ ಬೆಲೆಗೆ ಒಬ್ಬರೂ ಕೊಳ್ಳದೆ ಇರೋದಕ್ಕಿಂತ ಎಂಟು ರೂಪಾಯಿಗೆ ನಿಜವಾಗಿ ಮಾರಾಟ ಆಗೋದು ಎಷ್ಟೋ ವಾಸಿ.

ಕಂಪನಿ ಸಾಲ ತೀರಿಸಲಿಲ್ಲ, ಬ್ಯಾಂಕು ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿಗಳ ಕೇಸು ನೋಡೋ ನ್ಯಾಯಮಂಡಳಿಗೆ ಹೋಯ್ತು. 2016ರ ದಿವಾಳಿ ಕಾನೂನಿನ ಸೆಕ್ಷನ್ 53ರಲ್ಲಿ ಯಾರಿಗೆ ಮೊದಲು ದುಡ್ಡು ಅನ್ನೋ ಸಾಲಿದೆ. ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ ಮತ್ತು ಅದರ ಸಮಕ್ಕೆ ಭದ್ರತೆ ಇರೋ ಸಾಲದವರು, ಉಳಿದ ನೌಕರರು, ಹೀಗೆ ಇಳಿಯುತ್ತಾ ಹೋಗಿ ಕಟ್ಟಕಡೆಗೆ ನಾವು, ಈಕ್ವಿಟಿ ಷೇರುದಾರರು. ಈ ಕ್ರಮವನ್ನ ನಾನು ಒಪ್ಪುತ್ತೀನಿ. ಕಾರ್ಖಾನೆಯಲ್ಲಿ ದುಡಿದವರ ಕೂಲಿಗಿಂತ ನನ್ನ ದುಡ್ಡು ದೊಡ್ಡದಲ್ಲ.

ನನ್ನನ್ನ ಚುಚ್ಚೋದು ಇನ್ನೊಂದು ವಿಷಯ. ಕಂಪನಿಯನ್ನ ಬೇರೆಯವರಿಗೆ ಒಪ್ಪಿಸೋ ಯೋಜನೆಗೆ ಮಾಮೂಲಿ ಕಂಪನಿ ಕಾನೂನಿನ ಪ್ರಕಾರ ಷೇರುದಾರರ ಒಪ್ಪಿಗೆ ಬೇಕಾಗುವ ಕಡೆಗಳಲ್ಲಿ, ದಿವಾಳಿ ಪ್ರಕ್ರಿಯೆಯಲ್ಲಿ ಆ ಒಪ್ಪಿಗೆ "ಸಿಕ್ಕಿದೆ ಎಂದು ಭಾವಿಸತಕ್ಕದ್ದು". ನನ್ನನ್ನ ಕೇಳದೆಯೇ ನಾನು ಒಪ್ಪಿದ ಹಾಗೆ. ಸಾಲ ಕೊಟ್ಟವರ ಸಮಿತಿ ಕೂತು ಮತ ಹಾಕುತ್ತೆ. ಆ ಸಭೆಯಲ್ಲಿ ನಮಗೆ ಜಾಗ ಇಲ್ಲ. ಮತ ಬೇಡ ಅಂದುಕೊಳ್ಳೋಣ, ಏನು ಮಾತಾಡಿದರು ಅಂತ ಸರಳವಾದ ಭಾಷೆಯಲ್ಲಿ ಒಂದು ಪುಟವಾದರೂ ಕಳಿಸಬಾರದಾ?

ದಿವಾಳಿಯಾದ ಮನೆಸಾಲದ ಕಂಪನಿ ಡಿಎಚ್‌ಎಫ್‌ಎಲ್ ನೆನಪಿದೆ ಅಲ್ವಾ. 2021ರ ಜೂನ್ 7ರಂದು ಮುಂಬೈ ಎನ್‌ಸಿಎಲ್‌ಟಿ, ಅದನ್ನ ಪಿರಾಮಲ್ ಗುಂಪು ಕೊಳ್ಳೋ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಳೇ ಷೇರುಗಳಿಗೆ ಬೆಲೆ ಸೊನ್ನೆ. ಆದರೂ ಮುಂದಿನ ಕೆಲವು ದಿನ ಎಕ್ಸ್‌ಚೇಂಜಿನಲ್ಲಿ ಆ ಷೇರಿನ ವಹಿವಾಟು ನಡೀತಾನೇ ಇತ್ತು. ದೊಡ್ಡ ಗುಂಪು ಕೊಳ್ಳುತ್ತಾ ಇದೆ, ಒಳ್ಳೇದಾಗುತ್ತೆ ಅಂತ ಕೊಂಡ ಸಣ್ಣವರಿದ್ದಾರೆ. ಜೂನ್ 14ಕ್ಕೆ ವಹಿವಾಟು ನಿಂತಿತು. ಸೊನ್ನೆ ಆಗೋ ಷೇರು ಅಂತ ಗೊತ್ತಿದ್ದ ಮೇಲೂ ಅದನ್ನ ಕೊಳ್ಳೋಕೆ ಬಿಡೋದು ಸರಿಯಾ? ಒಳಗಿದ್ದ ನಮಗೆ ಬಾಗಿಲು ಹಾಕೋ ವ್ಯವಸ್ಥೆಯೇ, ಅಲ್ಲಿ ಹೊಸಬರಿಗೆ ಬಾಗಿಲು ತೆಗೆದಿಟ್ಟಿತ್ತು.

ಇಷ್ಟೆಲ್ಲ ಆದಮೇಲೂ ಜನ ಯಾಕೆ ಷೇರು ಇಟ್ಟುಕೊಂಡಿರುತ್ತಾರೆ? ಗಾಳಿ ವಿದ್ಯುತ್ ಯಂತ್ರ ಮಾಡೋ ಕಂಪನಿ ಸುಜ್ಲಾನ್ ಕಾರಣ. ಯಾವ ಟೆಲಿಗ್ರಾಂ ಗುಂಪಿಗೆ ಹೋದರೂ ಸುಜ್ಲಾನ್ ಹೆಸರು ಬರುತ್ತೆ. 2020ರ ಮಾರ್ಚಿನಲ್ಲಿ ಎರಡು ರೂಪಾಯಿಗಿಂತ ಕೆಳಗಿತ್ತು, 2024ರ ಸೆಪ್ಟೆಂಬರಿನಲ್ಲಿ 80 ದಾಟಿತು. ನಿಜವೇ. ಆದರೆ 2008ರ ಜನವರಿಯಲ್ಲಿ ಅದೇ ಷೇರನ್ನ 400ಕ್ಕೂ ಜಾಸ್ತಿ ಕೊಟ್ಟು ಕೊಂಡು ಇವತ್ತಿಗೂ ಇಟ್ಟುಕೊಂಡವರ ದುಡ್ಡು ಆ 80ರಲ್ಲೂ ಐದನೇ ಒಂದು ಪಾಲು ಅಷ್ಟೇ. ಅವರ ಮಾತನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ದಿವಾಳಿಯಾಗಿ ಪತಂಜಲಿ ಕೈಸೇರಿದ ಅಡುಗೆ ಎಣ್ಣೆ ಕಂಪನಿ ರುಚಿ ಸೋಯಾ ಕಥೆ ಇನ್ನೂ ನೋವಿನದು. 2020ರ ಜನವರಿಯಲ್ಲಿ ಹದಿನೇಳು ರೂಪಾಯಿ ಆಸುಪಾಸಿನಲ್ಲಿ ಮತ್ತೆ ಲಿಸ್ಟ್ ಆಗಿ, ಜೂನ್ ಹೊತ್ತಿಗೆ 1,500 ದಾಟಿತು. ನಮ್ಮ ಭಾವ ಫೋನ್ ಮಾಡಿ, "ನೋಡಮ್ಮಾ, ನಿಂದೂ ಹಿಂಗೇ ಆಗುತ್ತೆ, ಮಾರಬೇಡ" ಅಂದಿದ್ದರು. ಒಳ್ಳೇ ಮನಸ್ಸಿಂದಲೇ ಹೇಳಿದ್ದು. ಆದರೆ ಪತಂಜಲಿ ಯೋಜನೆಯಲ್ಲಿ ಹಳೇ ಷೇರುದಾರರ ನೂರು ಷೇರಿಗೆ ಒಂದು ಷೇರು ಮಾಡಿದ್ದರು. ಸಾವಿರ ಷೇರು ಇದ್ದವರಿಗೆ ಹತ್ತು. ಸಾರ್ವಜನಿಕರ ಕೈಯಲ್ಲಿ ಉಳಿದಿದ್ದು ಕಂಪನಿಯ ಶೇ. 1ಕ್ಕಿಂತ ಕಡಿಮೆ, ಮಾರೋಕೆ ಷೇರೇ ಇಲ್ಲದೆ ಬೆಲೆ ದಿನಾ ಅಪ್ಪರ್ ಸರ್ಕ್ಯೂಟ್ ಹೊಡೀತಾ ಇತ್ತು. ಭಾವನವರಿಗೆ ಬಂದ ಮೆಸೇಜಿನಲ್ಲಿ ಹದಿನೇಳು ಇತ್ತು, ಸಾವಿರದ ಐನೂರು ಇತ್ತು. ನೂರಕ್ಕೆ ಒಂದು ಅನ್ನೋದು ಇರಲಿಲ್ಲ.

ಇದೆಲ್ಲ ಈಗಿನ ಆನ್‌ಲೈನ್ ಕಾಲದ ರೋಗ ಅಂತ ತಿಳಿಯಬೇಡಿ. ನಮ್ಮ ಮಾವನವರ ಟ್ರಂಕಿನಲ್ಲಿ ಹಳೇ ಷೇರು ಸರ್ಟಿಫಿಕೇಟುಗಳ ಕಟ್ಟಿದೆ. ದಪ್ಪ ಕಾಗದ, ಅಂಚಿಗೆ ಹಸಿರು ಬಳ್ಳಿ, ಕೆಳಗೆ ಇಬ್ಬರು ಡೈರೆಕ್ಟರುಗಳ ಸಹಿ, ಒತ್ತು ಮುದ್ರೆ. ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಮಾತ್ರ ಲಿಸ್ಟ್ ಆಗಿದ್ದ ಕಂಪನಿಯದು. 1963ರಲ್ಲಿ ಶುರುವಾದ ಆ ಎಕ್ಸ್‌ಚೇಂಜ್ 2014ರ ಡಿಸೆಂಬರಿನಲ್ಲಿ ಸೆಬಿ ಒಪ್ಪಿಗೆಯ ಮೇಲೆ ಮುಚ್ಚಿಹೋಯಿತು. ಪ್ರಾದೇಶಿಕ ಎಕ್ಸ್‌ಚೇಂಜುಗಳಲ್ಲಿ ಮಾತ್ರ ಇದ್ದ ಇಂಥ ಕಂಪನಿಗಳನ್ನ ಡಿಸೆಮಿನೇಷನ್ ಬೋರ್ಡ್ ಅಂತ ಒಂದು ಕಡೆ ಹಾಕಿದರು. ಅಲ್ಲಿ ಮಾಮೂಲಿ ವಹಿವಾಟು ಇರಲಿಲ್ಲ. ಆಮೇಲೆ ಕಾಗದದ ಷೇರನ್ನ ಇನ್ನೊಬ್ಬರಿಗೆ ವರ್ಗಾಯಿಸೋದೂ ನಿಂತಿತು, ಮೊದಲು ಡಿಮ್ಯಾಟ್ ಮಾಡಿಸಬೇಕು. ಮಾಡಿಸೋಕೆ ಕಂಪನಿ ಇರಬೇಕಲ್ಲ. ಸರ್ಟಿಫಿಕೇಟಿನ ಮೇಲಿರೋ ವಿಳಾಸದಲ್ಲಿ ಈಗ ಮದುವೆ ಹಾಲ್ ಇದೆ.

ಮಾವನವರು ತೀರಿಕೊಳ್ಳೋವರೆಗೂ ಆ ಕಟ್ಟನ್ನ ಜೋಪಾನವಾಗಿ ಇಟ್ಟಿದ್ದರು. ನಮ್ಮ ಮನೆಯವರು ಒಂದು ಸಲ ಎಸೆಯೋಣ ಅಂದಾಗ ನಾನೇ ಬೇಡ ಅಂದೆ. ಅದು ಒಬ್ಬ ಮನುಷ್ಯ ದುಡಿದು ಉಳಿಸಿದ ದುಡ್ಡು.

ನನ್ನ ಎರಡು ಸಾವಿರ ಷೇರಿಗೆ ಕಾಗದವೂ ಇಲ್ಲ, ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲು ಅಷ್ಟೇ. ಆ ಸಾಲನ್ನ ಬೇರೆ ಖಾತೆಗೆ ವರ್ಗಾಯಿಸದೆ ಹಳೇ ಬ್ರೋಕರ್ ಹತ್ತಿರದ ಖಾತೆ ಮುಚ್ಚೋಕೆ ಆಗಲ್ಲ, ಅಲ್ಲೇ ಇಟ್ಟರೆ ವಾರ್ಷಿಕ ಶುಲ್ಕ ಕಟ್ಟುತ್ತಾ ಇರಬೇಕು. ತೆರಿಗೆಯಲ್ಲಾದರೂ ಈ ನಷ್ಟ ತೋರಿಸೋಣ ಅಂತ ನಮ್ಮ ಆಡಿಟರ್ ಹತ್ತಿರ ಹೋದೆ. ದೀರ್ಘಾವಧಿ ನಷ್ಟವನ್ನ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ದೀರ್ಘಾವಧಿ ಲಾಭದಲ್ಲಿ ಕಳೆಯಬಹುದು. "ಆದ್ರೆ ಮೇಡಂ, ಮಾರಿದ್ದಕ್ಕೆ ಕಾಂಟ್ರಾಕ್ಟ್ ನೋಟ್ ಬೇಕಲ್ಲ" ಅಂದರು. ಮಾರೋಕೆ ಬಿಡದ ಷೇರಿಗೆ ಮಾರಿದ ಕಾಗದ ಎಲ್ಲಿಂದ ತರಲಿ? ವಹಿವಾಟು ನಿಂತು ಇಷ್ಟು ವರ್ಷ ಆದ ಷೇರನ್ನ ಪೂರ್ತಿ ನಷ್ಟ ಅಂತ ಒಪ್ಪಿಕೊಳ್ಳೋ ಒಂದು ಸರಳ ನಿಯಮ ಬಂದರೆ ಸಾವಿರಾರು ಮನೆಗಳಿಗೆ ಸ್ವಲ್ಪವಾದರೂ ಉಸಿರಾಡೋ ಹಾಗಾಗುತ್ತೆ. ಸರ್ಕಾರಕ್ಕೆ ಇದರಿಂದ ದೊಡ್ಡ ಹೊರೆ ಏನೂ ಬೀಳಲ್ಲ ಅಂತ ನನ್ನ ನಂಬಿಕೆ.

ದೂರು ಕೊಡಬಹುದಲ್ಲಾ ಅಂತೀರಾ? ಸೆಬಿಯ ಆನ್‌ಲೈನ್ ದೂರು ವ್ಯವಸ್ಥೆ ಸ್ಕೋರ್ಸ್ ಇದೆ, 2011ರಿಂದ ಇದೆ. ಡಿವಿಡೆಂಡ್ ಬಂದಿಲ್ಲ, ಹೆಸರು ತಪ್ಪಾಗಿದೆ ಅಂಥದ್ದಕ್ಕೆ ತುಂಬಾ ಉಪಯೋಗ, ನಾನೇ ನನ್ನ ಅಕ್ಕನಿಗೆ ಹಾಕಿಸಿಕೊಟ್ಟು ಕೆಲಸ ಆಗಿದೆ. ಆದರೆ ದಿವಾಳಿ ಪ್ರಕ್ರಿಯೆಯಲ್ಲಿ ಮೊರಟೋರಿಯಂ (ಕೇಸು, ವಸೂಲಿಗೆಲ್ಲ ತಡೆ) ಇರುವ ಕಂಪನಿಗಳ ಮೇಲಿನ ದೂರು ಅದರ ವ್ಯಾಪ್ತಿಗೆ ಬರಲ್ಲ. ಕಂಪನಿ ಕಾನೂನಿನ ಸೆಕ್ಷನ್ 245ರಲ್ಲಿ ನೂರು ಷೇರುದಾರರು ಸೇರಿದರೆ ಎಲ್ಲರ ಪರವಾಗಿ ಒಟ್ಟಿಗೆ ಎನ್‌ಸಿಎಲ್‌ಟಿಗೆ ಹೋಗಬಹುದು. ಒಳ್ಳೇ ಹಕ್ಕು. ಆದರೆ ಮೊರಟೋರಿಯಂ ಬಂದ ಮೇಲೆ ಕಂಪನಿ ಮೇಲೆ ಹೊಸ ಕೇಸು ಹಾಕೋ ಹಾಗಿಲ್ಲ. ಅಂದರೆ ಏನಾದರೂ ಮಾಡೋದಿದ್ದರೆ ಅದಕ್ಕಿಂತ ಮೊದಲೇ, ಕಂಪನಿ ಇನ್ನೂ ನಡೀತಾ ಇರುವಾಗಲೇ ಮಾಡಬೇಕು.

2022ರ ನವೆಂಬರಿನಲ್ಲಿ ಸೆಬಿ ಒಂದು ಪ್ರಸ್ತಾವ ಮುಂದಿಟ್ಟಿತ್ತು. ದಿವಾಳಿಯಾದ ಕಂಪನಿಯನ್ನ ಹೊಸಬರು ಕೊಂಡಾಗ, ಅವರು ಕೊಟ್ಟ ಬೆಲೆಗೇ ಹಳೇ ಸಾರ್ವಜನಿಕ ಷೇರುದಾರರಿಗೂ ಹೊಸ ಕಂಪನಿಯಲ್ಲಿ ಪಾಲು ಕೊಳ್ಳೋ ಅವಕಾಶ ಕೊಡಬೇಕು ಅಂತ. ಪುಕ್ಕಟೆ ಏನೂ ಅಲ್ಲ, ದುಡ್ಡು ಕೊಟ್ಟೇ ಕೊಳ್ಳಬೇಕು. ಅದನ್ನ ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ನಮ್ಮನ್ನ ಯಾರೋ ನೆನಪಿಟ್ಟುಕೊಂಡಿದ್ದಾರೆ ಅನ್ನಿಸಿತ್ತು. ನಮ್ಮ ಕಂಪನಿಯ ಹೊತ್ತಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ನನ್ನ ಹತ್ತಿರ ಇನ್ನೊಂದು ಕಂಪನಿಯ ಷೇರಿದೆ, ಈಗ ಒಂಬತ್ತು ರೂಪಾಯಿ. ವಹಿವಾಟು ನಡೀತಾ ಇದೆ, ಕಾರ್ಖಾನೆಯೂ ನಡೀತಾ ಇದೆ. ಈ ಸಲದ ವಾರ್ಷಿಕ ಸಭೆಯ ನೋಟಿಸಿನಲ್ಲಿ ಪ್ರವರ್ತಕರಿಗೆ ವಾರಂಟ್ ಕೊಡೋ ಪ್ರಸ್ತಾವ ಇದೆ. ಅದಕ್ಕೆ ವಿಶೇಷ ನಿರ್ಣಯ ಬೇಕು, ಅಂದರೆ ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಪರವಾಗಿ ಇರಬೇಕು. ಒಟ್ಟು ಷೇರುಗಳಲ್ಲಿ ಮುಕ್ಕಾಲು ಅಲ್ಲ, ಬಿದ್ದ ಮತಗಳಲ್ಲಿ. ಪ್ರವರ್ತಕರ ಹತ್ತಿರ ಇರೋದು ಶೇ. 32. ಉಳಿದ 68 ನಮ್ಮಂಥವರದ್ದೇ ಜಾಸ್ತಿ. ನಾವ್ಯಾರೂ ಮತ ಹಾಕಲಿಲ್ಲ ಅಂದರೆ ಆ 32ಕ್ಕೇ ನಿರ್ಣಯ ಪಾಸಾಗುತ್ತೆ. ನಮ್ಮಂಥವರ ಮತ ಒಟ್ಟು ಷೇರಿನಲ್ಲಿ ಶೇ. 11ರಷ್ಟು ವಿರುದ್ಧ ಬಿದ್ದರೆ, ಪಾಸಾಗಲ್ಲ.

ಲೆಕ್ಕ ಮಾಡಿ ನೋಡಿ. 32ನ್ನ 43ರಿಂದ ಭಾಗಿಸಿದರೆ ಶೇ. 74 ಚಿಲ್ಲರೆ ಬರುತ್ತೆ, 75 ಮುಟ್ಟಲ್ಲ. ಮೂವತ್ತು ವರ್ಷ ಮಕ್ಕಳಿಗೆ ಶೇಕಡಾವಾರು ಹೇಳಿಕೊಟ್ಟವಳು ನಾನು, ಇದನ್ನ ಕರಿಹಲಗೆ ಮೇಲೆ ಬರೆದು ತೋರಿಸಬೇಕು ಅನ್ನಿಸುತ್ತೆ.

ನಾನು ಇ-ವೋಟಿಂಗಿನಲ್ಲಿ ವಿರುದ್ಧ ಮತ ಹಾಕಿದ್ದೀನಿ. ಸಭೆ ವಿಡಿಯೋದಲ್ಲಿ ನಡೆಯುತ್ತೆ, ಮಾತಾಡೋಕೆ ಹೆಸರು ಕೊಟ್ಟಿದ್ದೀನಿ. ಕೇಳೋ ಪ್ರಶ್ನೆ ಮೇಲ್ ಮಾಡಿಯೂ ಆಗಿದೆ: ಪ್ರವರ್ತಕರಿಗೆ ಕೊಡೋ ಬೆಲೆಗೇ ಎಲ್ಲರಿಗೂ ರೈಟ್ಸ್ ಇಶ್ಯೂ ಯಾಕೆ ಮಾಡಬಾರದು, ಬಂದ ದುಡ್ಡಿನಲ್ಲಿ ಯಾವ ಸಾಲ ತೀರಿಸುತ್ತೀರಿ, ಅಡ ಇಟ್ಟ ಷೇರು ಯಾವತ್ತು ಬಿಡಿಸುತ್ತೀರಿ. ನಿಮ್ಮ ಖಾತೆಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಯಾವುದೇ ಹಳೇ ಷೇರು ಇದ್ದರೆ ನಿಮ್ಮ ಮೇಲ್ ತೆಗೆದು ನೋಡಿ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಇ-ವೋಟಿಂಗ್ ನೋಟಿಸ್ ಬಂದಿರುತ್ತೆ. ಸಭೆಗೆ ಮೊದಲೇ ಮತ ಹಾಕೋ ಅವಕಾಶ ಮುಗಿಯೋದು ಸಾಮಾನ್ಯವಾಗಿ ಸಭೆಯ ಹಿಂದಿನ ದಿನ ಸಂಜೆ ಐದು ಗಂಟೆಗೆ.